ಮಾವನ ಡಬ್ಬಿ

ಒಂಬತ್ತು ತುಂಬುವವರೆಗೆ ನಾನು ತಿಂದದ್ದು ನಾಲ್ಕೇ:
ಬಿಳಿ ಬ್ರೆಡ್ಡು, ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು,
ಇಂಜೆರಾ ರೊಟ್ಟಿಯ ಒಣ ಅಂಚು.
ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕೂತಾಗ
ಸಾರು ತಾಗಿದಲ್ಲಿ ಉಗುರಿನಿಂದ ಗಡಿ ಕೊರೆದು
ಆಚೆಗೆ ಕೈ ಹಾಕುತ್ತಿರಲಿಲ್ಲ.
ಪಕ್ಕದ ಮನೆಯವರು ದೃಷ್ಟಿಯೆಂದರು,
ಅಜ್ಜಿ ಇಗರ್ಜಿಯಿಂದ ತೀರ್ಥ ತಂದಳು,
ಅಮ್ಮ ಹೊಡೆದಳು, ಆಮೇಲೆ ತಾನೇ ಅತ್ತಳು.
ತೀರ್ಥ ಕುಡಿದೆ.
ಅದಕ್ಕೆ ರುಚಿ ಇರಲಿಲ್ಲವಲ್ಲ.

ಮಳೆಗಾಲದ ಕೊನೆಗೆ ಬಂದ ಅಸ್ಚಲೆವ್ ಮಾವ,
ಜಿಮ್ಮಾದ ಕಾಫಿ ಗೋದಾಮಿನಲ್ಲಿ ಇಪ್ಪತ್ತು ವರ್ಷ
ದಿನಕ್ಕೆ ಅರವತ್ತು ಬಟ್ಟಲು ಸೊರ್ರೆಂದು ಹೀರಿ, ಉಗುಳಿ,
ಇದು ಯಾವ ಗುಡ್ಡದ ಯಾವ ಮಗ್ಗುಲಿನದೆಂದು ಹೇಳುತ್ತಿದ್ದವನು.
ಜ್ವರವೊಂದು ಬಂದು, ಹೋಗುವಾಗ
ಅವನ ಮೂಗನ್ನು ತನ್ನೊಡನೆ ಒಯ್ದಿತ್ತು.
“ಉಪ್ಪು ಉಪ್ಪಾಗಿಯೇ ಇದೆ, ಹುಳಿ ಹುಳಿಯೇ,
ನಡುವೆ ಇದ್ದ ಊರು ಮಾತ್ರ ಖಾಲಿ” ಎಂದ.
ತಂದದ್ದು ಒಂದು ಪೆಟ್ಟಿಗೆ, ಒಂದು ಉದ್ದ ಚಮಚ,
ಗೋದಾಮಿನವರು ಬೇಡವೆಂದ ಉಗುಳುವ ಡಬ್ಬಿ.

“ಒಬ್ಬನಿಗೆ ಮೂಗೇ ಇಲ್ಲ, ಇನ್ನೊಬ್ಬಳು ಬರೀ ಮೂಗು,
ಯಾರಿಗೆಂದು ಅಡುಗೆ ಮಾಡಲಿ?” ಎಂದಳು ಅಮ್ಮ.

ಅವತ್ತು ಶಿರೋ. ಕಡಲೆಹಿಟ್ಟಿನ ದಪ್ಪ ಸಾರು
ಮಣ್ಣಿನ ಕುಡಿಕೆಯಲ್ಲಿ ಇನ್ನೂ ಕೊತಕೊತ.
ಮಾವ ನನ್ನ ಕಡೆ ಬಾಗಿ ಮೆಲ್ಲಗೆ:
“ಯೆಷಿ, ಹೇಗಿದೆ?”
“ಚೆನ್ನಾಗಿಲ್ಲ.”
“ತಿಂದೆಯಾ?”
“ಇಲ್ಲ.”
“ಹಾಗಾದರೆ ಅದು ತೀರ್ಪು. ನನಗೆ ಬೇಕಾದದ್ದು ಸಾಕ್ಷಿ.”
ಡಬ್ಬಿಯನ್ನು ನನ್ನ ಮೊಣಕಾಲ ಬಳಿ ಸರಿಸಿದ.
“ನುಂಗಬೇಡ. ಬಾಯಲ್ಲಿಟ್ಟು ಹತ್ತು ಎಣಿಸು. ಉಗುಳು. ಹೇಳು.
ನಾನೂ ಇಪ್ಪತ್ತು ವರ್ಷ ಒಂದು ಬಟ್ಟಲನ್ನೂ ನುಂಗಿದವನಲ್ಲ.”

ಉಗುಳಬಹುದು ಎಂದು
ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಉಗುಳಿದೆ. ವಾರಗಟ್ಟಲೆ ಉಗುಳಿದೆ.
ಬೇಳೆ ಉಗುಳಿದೆ, ಆಲೂಗಡ್ಡೆ ಉಗುಳಿದೆ,
ಬೆರ್ಬೆರೆಯ ಕೆಂಪು ಖಾರಕ್ಕೆ ಕಣ್ಣು ತುಂಬಿ ಡಬ್ಬಿಯೇ ಕಾಣದೆ
ಚಾಪೆಯ ಮೇಲೆ ಉಗುಳಿ ಬೈಸಿಕೊಂಡೆ.
ಆದರೆ ಮಾತು ಕೊಡಲೇಬೇಕಿತ್ತು, ಕರಾರು ಅದು:
ಒಗರು, ಕಮಟು, ಘಾಟು,
ತಳ ಹಿಡಿದದ್ದು, ತಳ ಹಿಡಿಯುವ ಮುಂಚಿನದು,
ಬೆಣ್ಣೆಯಲ್ಲಿ ಅಜ್ಜಿಯ ಶಾಲಿನ ವಾಸನೆ.
“ಹೊಸ ಶಾಲೋ, ಹಳೆಯದೋ?” ಎಂದು ಕೇಳುವನು.
ನಗುತ್ತಿರಲಿಲ್ಲ.

ಒಂದು ಶುಕ್ರವಾರ. ಉಪವಾಸದ ಊಟ, ಬೆಂದ ಸೊಪ್ಪು.
ಬಾಯಲ್ಲಿತ್ತು. ಹತ್ತು ಎಣಿಸಿದ್ದಾಗಿತ್ತು.
ಇದು ಗೊತ್ತು, ಇದು ನನಗೆ ಗೊತ್ತು, ಎಲ್ಲೋ
ಮಳೆ ನಿಂತ ಮೇಲೆ ಶಾಲೆಯ ತಗಡಿನ ಗೇಟಿಗೆ
ನಾಲಿಗೆ ಹಚ್ಚಿ ನೋಡಿದ್ದೆನಲ್ಲ, ಅದು! ಅದರ ಬೆನ್ನಿಗೆ
ಅಡಗಿ ಕೂತ ಬೆಳ್ಳುಳ್ಳಿ.
“ಗೇಟು, ಮಾವ! ಒದ್ದೆ ಗೇಟು!”
ಮಾವನ ಕೈ ಅರ್ಧದಲ್ಲೇ ನಿಂತಿತು. ಕಣ್ಣು ಮುಚ್ಚಿದ.
“ಹೌದು” ಎಂದ.
ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಹೌದು.”
ಅಮ್ಮ ಡಬ್ಬಿಯೊಳಗೆ ಇಣುಕಿದಳು. ಖಾಲಿ.
ಏನೂ ಅನ್ನಲಿಲ್ಲ. ಏನೂ ಅನ್ನದಿರಲು ಅವಳು ಪಟ್ಟ ಪಾಡು
ಈಗ ನನ್ನ ಮಗನ ಮುಂದೆ ತಟ್ಟೆ ಇಡುವಾಗ ತಿಳಿಯುತ್ತದೆ.

ಮಾವನ ಮೂಗು ಮರಳಲಿಲ್ಲ. ನಾನೂ ಎಲ್ಲವನ್ನೂ ಒಪ್ಪಲಿಲ್ಲ.
ಬೀಟ್‌ರೂಟ್ ಇವತ್ತಿಗೂ ಸೇರದು:
ಒದ್ದೆ ಮಣ್ಣು ಕದ್ದು ಸಕ್ಕರೆ ತಿಂದ ಹಾಗೆ.
ಆದರೆ ಅದು ಸಾಕ್ಷಿ.

ಮರುವರ್ಷ ಮೆಸ್ಕೆಲ್ ಹಬ್ಬಕ್ಕೆ
ಗುರಾಗೆಯ ನೆರೆಮನೆಯವರು ಕೊಚೊ ಕಳಿಸಿದರು:
ಬಾಳೆಯಂತೆ ಕಂಡೂ ಹಣ್ಣು ಕೊಡದ ಗಿಡವೊಂದರ ತಿರುಳು,
ತಿಂಗಳುಗಟ್ಟಲೆ ಹೊಂಡದಲ್ಲಿ ಹೂತು ಹುಳಿಸಿ ತಟ್ಟಿದ ರೊಟ್ಟಿ.
ಬಾಗಿಲಲ್ಲೇ ವಾಸನೆ. ತಮ್ಮ ಮೂಗು ಹಿಡಿದು ಓಡಿದ.
ಮಾವ ಒಂದು ಚೂರು ಹರಿದು, ಗಿಣ್ಣು ಸವರಿ,
ನಮ್ಮಲ್ಲಿ ಬೇಕಾದವರಿಗೆ ಮಾಡುವಂತೆ
ತನ್ನ ಕೈಯಾರೆ ನನ್ನ ಬಾಯಿಗಿಟ್ಟು
ಕಾದ.
ಹತ್ತು ಎಣಿಸಿದೆ. ಇಪ್ಪತ್ತು.
ಮಾತು ಹತ್ತಿರ ಬಂದು ಬಂದು ಜಾರುತ್ತಿತ್ತು.
“ಸಿಗ್ತಾ ಇಲ್ಲ ಮಾವ” ಎಂದೆ,
“ಇನ್ನೊಂದು ತುತ್ತು ಕೊಡು.”